ಸ್ಪಂಜ್ ಪೇಂಟಿಂಗ್: ಗೋಡೆಯಲ್ಲಿ ಚೌಕ ಚೌಕ ಅಚ್ಚು ಬಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಹಾಲ್‌ನ ಒಂದು ಗೋಡೆಗೆ ನಾನೇ ಸ್ಪಂಜ್ ಪೇಂಟಿಂಗ್ ಮಾಡಲು ಹೊರಟೆ. ಮೊದಲು ಕಡು ನೀಲಿ ಬಳಿದೆ. ಅದು ಒಣಗಿದ ಮೇಲೆ, ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಬಿಳಿ ಬಣ್ಣ ಒತ್ತಿದೆ. ವಿಡಿಯೊಗಳಲ್ಲಿ ಕಾಣುವ ಮೋಡದಂಥ ನೋಟ ಬರಲೇ ಇಲ್ಲ. ಸಾಲಾಗಿ ಚೌಕ ಚೌಕ ಅಚ್ಚು ಬಿದ್ದಿದೆ, ಕೆಲವು ಕಡೆ ಬಣ್ಣ ಇಳಿದಿದೆ, ಮೂಲೆಗಳಂತೂ ಕೆಟ್ಟಿವೆ. ಅರ್ಧಕ್ಕೆ ನಿಲ್ಲಿಸಿದ್ದೇನೆ. ಇದನ್ನು ಸರಿ ಮಾಡಬಹುದಾ, ಇಲ್ಲ ಮೊದಲಿಂದ ಶುರು ಮಾಡಬೇಕಾ? ಯಾವ ಸ್ಪಂಜು, ಎಂಥ ಬಣ್ಣ ತೆಗೆದುಕೊಳ್ಳಲಿ?

ಉತ್ತರ: ಅರ್ಧಕ್ಕೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಖಂಡಿತ ಸರಿ ಮಾಡಬಹುದು. ನಿಮ್ಮ ಗೋಡೆಯಲ್ಲಿ ಮೂರು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಸ್ಪಂಜು ಚೌಕಾಕಾರದ್ದು. ಎರಡು ಬಣ್ಣಗಳ ನಡುವಿನ ಅಂತರ ತೀರಾ ಹೆಚ್ಚು. ಸ್ಪಂಜಿನಲ್ಲಿ ಬಣ್ಣವೂ ಹೆಚ್ಚು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಗೋಡೆಯನ್ನು ನಿಜವಾಗಿ ಕೆಡಿಸಿರುವುದು ಉಳಿದ ಎರಡು. ಒಳ್ಳೆಯ ಸ್ಪಂಜು ತಂದು ಇದೇ ಕಡು ನೀಲಿಯ ಮೇಲೆ ಇಷ್ಟೇ ಬಿಳಿ ಒತ್ತಿದ್ದರೆ, ಚೌಕದ ಬದಲು ದುಂಡು ಮಚ್ಚೆ ಬೀಳುತ್ತಿತ್ತು, ಅಷ್ಟೇ.

ಈ ಕೆಲಸದಲ್ಲಿ ಗೋಡೆಯ ಮೇಲೆ ಸ್ಪಂಜಿನ ಗುರುತು ಎದ್ದು ಕಾಣಬಾರದು. ಹತ್ತಿರ ಹತ್ತಿರದ ಎರಡು ಮೂರು ಬಣ್ಣಗಳನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಕೂರಿಸುತ್ತೇವೆ. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಅವೆಲ್ಲ ಬೆರೆತು ಒಂದೇ ಗೋಡೆಯಾಗಿ ಕಾಣಬೇಕು. ಒಂದು ಒತ್ತು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗಬಾರದು. ಸ್ಪಂಜಿನ ಆಯ್ಕೆ, ಬಣ್ಣ, ಕೈ ಆಡಿಸುವ ರೀತಿ ಎಲ್ಲವನ್ನೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಿ.

ಮೊದಲು ಸ್ಪಂಜು. ಪಾತ್ರೆ ತೊಳೆಯುವ ಸ್ಪಂಜು ಕಾರ್ಖಾನೆಯದು. ಅದರ ತೂತುಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ಅಂಚು ನೇರ. ಹಾಗಾಗಿ ಪ್ರತಿ ಒತ್ತೂ ಹಿಂದಿನದರ ನಕಲು. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಸಮುದ್ರದ ಸ್ಪಂಜು. ಅದು ಗಿಡವಲ್ಲ, ಸಮುದ್ರದ ತಳದಲ್ಲಿ ಅಂಟಿಕೊಂಡು ಬೆಳೆಯುವ ಒಂದು ಪ್ರಾಣಿ. ನಮ್ಮ ಕೈಗೆ ಬರುವುದು ಅದರ ಮೆತ್ತನೆಯ ಅಸ್ಥಿಪಂಜರ. ನೀರು ಹರಿದು ಹೋಗುವ ದಾರಿಗಳೇ ಅದರ ತೂತುಗಳು. ಕೆಲವು ದೊಡ್ಡವು, ಕೆಲವು ಸೂಜಿ ಮೊನೆಯಷ್ಟು. ಯಾವ ಎರಡು ಬದಿಯೂ ಒಂದೇ ಥರ ಇರುವುದಿಲ್ಲ. ಹೀಗಾಗಿ ಒಂದೇ ಸ್ಪಂಜನ್ನು ಕೈಯಲ್ಲಿ ತಿರುಗಿಸಿದರೆ ಸಾಕು, ಹತ್ತಾರು ಬಗೆಯ ಗುರುತು ಸಿಗುತ್ತದೆ. ಮುಷ್ಟಿ ತುಂಬುವಷ್ಟು ದೊಡ್ಡದು ಒಂದು, ಮೂಲೆಗಳಿಗೆ ಚಿಕ್ಕದು ಒಂದು ಇದ್ದರೆ ಒಂದು ಗೋಡೆಗೆ ಧಾರಾಳ.

ಅದು ಸಿಗದಿದ್ದರೆ ಕಾರು ತೊಳೆಯುವ ದಪ್ಪ ಸ್ಪಂಜು ತನ್ನಿ. ಅದರ ನಾಲ್ಕೂ ಅಂಚುಗಳನ್ನು ಕೈಯಿಂದ ಹರಿದು ತೆಗೆಯಿರಿ. ಕತ್ತರಿ ಬೇಡ, ಕತ್ತರಿಸಿದ ಕಡೆ ಮತ್ತೆ ನೇರ ಗೆರೆ ಬರುತ್ತದೆ. ಒತ್ತುವ ಮುಖದಲ್ಲಿಯೂ ಅಲ್ಲಲ್ಲಿ ಚಿವುಟಿ ಸಣ್ಣ ದೊಡ್ಡ ಗುಳಿ ಮಾಡಿ. ಸಮುದ್ರದ ಸ್ಪಂಜಿನಷ್ಟು ನಯ ಬರುವುದಿಲ್ಲ. ಆದರೂ ಈಗ ನಿಮ್ಮ ಹತ್ತಿರ ಇರುವುದಕ್ಕಿಂತ ಎಷ್ಟೋ ವಾಸಿ.

ಯಾವ ಸ್ಪಂಜೇ ಆಗಲಿ, ಒಣಗಿರುವಾಗ ಬಣ್ಣಕ್ಕೆ ಅದ್ದಬೇಡಿ. ಸಮುದ್ರದ ಸ್ಪಂಜು ಒಣಗಿದಾಗ ಗಟ್ಟಿಯಾಗಿ ಕೈಗೆ ಚುಚ್ಚುತ್ತದೆ. ನೀರಿನಲ್ಲಿ ನೆನೆದರೆ ಹಿಗ್ಗಿ ಮೆತ್ತಗಾಗುತ್ತದೆ. ಚೆನ್ನಾಗಿ ನೆನೆಸಿ, ನಂತರ ಒಂದು ಹನಿಯೂ ಬೀಳದ ಹಾಗೆ ಹಿಂಡಿ. ನೀರು ಉಳಿದರೆ ಅದು ಬಣ್ಣದ ಜೊತೆ ಸೇರಿ ಗೋಡೆಯಲ್ಲಿ ಇಳಿಯುತ್ತದೆ. ನಿಮ್ಮ ಗೋಡೆಯಲ್ಲಿ ಬಣ್ಣ ಇಳಿದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ಬಣ್ಣ. ಕಡು ನೀಲಿಯ ಮೇಲೆ ಅಚ್ಚ ಬಿಳಿ ಒತ್ತಿದರೆ ಪ್ರತಿ ಚುಕ್ಕಿಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಎಂಥ ನುರಿತ ಕೈಯೇ ಆಗಲಿ, ಅವೆರಡನ್ನು ನೇರವಾಗಿ ಬೆರೆಸುವುದು ಕಷ್ಟ. 1980ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ಮನೆಗಳಲ್ಲಿ ಈ ಬಗೆಯ ಗೋಡೆಗಳು ಬಹಳ ಜನಪ್ರಿಯವಾಗಿದ್ದವು. ಆಮೇಲೆ ಜನಕ್ಕೆ ಅದು ಬೇಸರ ಬಂತು. ಗಾಢ ಅಂತರದ ಬಣ್ಣಗಳನ್ನು ಮನೆ ತುಂಬ ಒತ್ತಿದ್ದೇ ಅದಕ್ಕೆ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಪದ್ಧತಿಯಲ್ಲಿ ದೋಷವಿಲ್ಲ. ಬಣ್ಣಗಳು ಹತ್ತಿರವಿದ್ದರೆ ಇವತ್ತಿಗೂ ಈ ಗೋಡೆ ಬಹಳ ಚೆನ್ನಾಗಿ ಕಾಣುತ್ತದೆ.

ಬಣ್ಣದ ಕಂಪನಿಗಳ ಶೇಡ್ ಕಾರ್ಡ್‌ನಲ್ಲಿ ಒಂದೇ ಬಣ್ಣದ ಐದಾರು ಛಾಯೆಗಳು ಒಂದೇ ಪಟ್ಟಿಯಲ್ಲಿ ಇರುತ್ತವೆ ಅಲ್ವಾ? ಅದರಲ್ಲಿ ಒಂದನ್ನು ಗೋಡೆಗೆ ಆರಿಸಿ. ಅದರ ಮುಂದಿನ ಅಥವಾ ಒಂದು ಬಿಟ್ಟು ಮುಂದಿನ ಛಾಯೆ ಸ್ಪಂಜಿಗೆ. ಮೂರನೇ ಬಣ್ಣ ಬೇಕೆನಿಸಿದರೆ ಅದೂ ಅದೇ ಪಟ್ಟಿಯಿಂದ ಇರಲಿ, ಇಲ್ಲವೇ ಕೆನೆ ಬಿಳಿ ಇರಲಿ. ಇದಕ್ಕಿಂತ ಸುಲಭದ ದಾರಿಯೂ ಇದೆ. ಗೋಡೆಗೆ ಬಳಿದ ಬಣ್ಣವನ್ನೇ ಒಂದಿಷ್ಟು ಬೇರೆ ಡಬ್ಬಕ್ಕೆ ತೆಗೆದುಕೊಂಡು ಬಿಳಿ ಬೆರೆಸಿ ತಿಳಿ ಮಾಡಿ. ತಾಯಿ ಬಣ್ಣ ಒಂದೇ ಆದ್ದರಿಂದ ಹೊಂದಿಕೆ ತಪ್ಪುವ ಮಾತೇ ಇಲ್ಲ. ಹೀಗೆ ಕೈಯಾರೆ ಬೆರೆಸುವುದಾದರೆ ಇಡೀ ಗೋಡೆಗೆ ಸಾಕಾಗುವಷ್ಟನ್ನು ಒಂದೇ ಸಲ ಬೆರೆಸಿಕೊಳ್ಳಿ. ಅರ್ಧದಲ್ಲಿ ಮುಗಿದು ಮತ್ತೆ ಬೆರೆಸಿದರೆ ಅದೇ ಛಾಯೆ ಬರುವುದು ಬಲು ಕಷ್ಟ. ಒಣಗಿದ ಮೇಲೆ ಎಮಲ್ಷನ್, ಅಂದರೆ ನೀರು ಆಧಾರಿತ ಗೋಡೆ ಬಣ್ಣ, ಸಾಮಾನ್ಯವಾಗಿ ಡಬ್ಬದಲ್ಲಿ ಕಂಡದ್ದಕ್ಕಿಂತ ತುಸು ಗಾಢವಾಗುತ್ತದೆ. ಅದರಲ್ಲಿರುವ ಅಂಟು ಹಸಿಯಿದ್ದಾಗ ಹಾಲಿನ ಬಣ್ಣಕ್ಕಿದ್ದು, ಒಣಗಿದಾಗ ಪಾರದರ್ಶಕವಾಗುವುದೇ ಇದಕ್ಕೆ ಕಾರಣ. ಹಾಗಾಗಿ ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

ಗೋಡೆಯ ಮೂಲ ಬಣ್ಣ ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ್ದು, ಆಗಿರದಿದ್ದರೆ ಒಳ್ಳೆಯದು. ತುಸು ಹೊಳಪಿರುವ ಸ್ಯಾಟಿನ್ ಎಮಲ್ಷನ್ ಇದಕ್ಕೆ ಚೆನ್ನ. ಮ್ಯಾಟ್ ಬಣ್ಣ ಮೇಲಿನ ಬಣ್ಣದ ನೀರನ್ನು ಕೂಡಲೇ ಹೀರಿಕೊಳ್ಳುತ್ತದೆ. ಒತ್ತಿದ್ದು ಒತ್ತಿದ ಹಾಗೇ ಕೂತುಬಿಡುತ್ತದೆ, ತಿದ್ದಲು ಸಮಯ ಸಿಗುವುದಿಲ್ಲ. ಸ್ಯಾಟಿನ್ ಮೇಲೆ ಬಣ್ಣ ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಮೊದಲ ಸಲ ಮಾಡುವವರಿಗೆ ಇದು ದೊಡ್ಡ ಅನುಕೂಲ. ಹಳೆಯ ಗೋಡೆಗೆ ಎಣ್ಣೆ ಆಧಾರಿತ ಎನಾಮೆಲ್ ಇದ್ದರೆ ಸ್ಯಾಂಡ್ ಪೇಪರ್ ಉಜ್ಜಿ ಹೊಳಪು ತೆಗೆದು ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಕೊಡಲೇಬೇಕು. ಸುಣ್ಣ ಬಳಿದ ಗೋಡೆ ಕೈಗೆ ಪುಡಿ ಹತ್ತುವಂತಿದ್ದರೆ ಅದನ್ನು ಕೆರೆದು ತೆಗೆಯಿರಿ. ತೂತು, ಬಿರುಕುಗಳಿಗೆ ಪುಟ್ಟಿ ತುಂಬಿ. ಗೋಡೆಯ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಸ್ಪಂಜಿನ ಚುಕ್ಕಿಗಳು ಚೆನ್ನಾಗಿ ಮರೆಸುತ್ತವೆ. ಆದರೆ ತೇವವನ್ನು ಮರೆಸಲಾರವು. ಗೋಡೆ ಒಸರುತ್ತಿದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವವರೆಗೂ ಬಣ್ಣದ ಡಬ್ಬ ತೆರೆಯಬೇಡಿ.

ಮೂಲ ಬಣ್ಣ ಎರಡು ಕೋಟ್ ಹೊಡೆದು ಒಂದು ದಿನ ಬಿಡಿ. ಮುಟ್ಟಿದರೆ ಒಣಗಿದೆ ಅನಿಸಲು ಒಂದೆರಡು ಗಂಟೆ ಸಾಕು. ಆದರೆ ಅದರ ಮೇಲೆ ಮಾಸ್ಕಿಂಗ್ ಟೇಪ್ (ಬಣ್ಣ ತಾಗಬಾರದ ಕಡೆ ಅಂಟಿಸುವ ಕಾಗದದ ಟೇಪ್) ಅಂಟಿಸಿ ಕೀಳಲು, ಒರೆಸಿ ತಿದ್ದಲು ಇನ್ನಷ್ಟು ಗಟ್ಟಿಯಾಗಬೇಕು.

ಸ್ಪಂಜಿಗೆ ಬಳಸುವ ಬಣ್ಣವನ್ನು ಡಬ್ಬದಿಂದ ಹಾಗೇ ತೆಗೆದು ಬಳಸಬಹುದು. ಆಗ ಚುಕ್ಕಿಗಳು ಗಟ್ಟಿಯಾಗಿ ಕಾಣುತ್ತವೆ. ಮೋಡದಂಥ ನೋಟ ಬೇಕು ಅಂದಿದ್ದೀರಿ, ಹಾಗಾಗಿ ಗ್ಲೇಜ್ ಬೆರೆಸಿ. ಇದು ಬಣ್ಣದ ಅಂಗಡಿಗಳಲ್ಲಿ ಸಿಗುವ, ಬಣ್ಣವಿಲ್ಲದ ಅಕ್ರಿಲಿಕ್ ದ್ರವ. ಇದನ್ನು ಬೆರೆಸಿದರೆ ಬಣ್ಣ ಪಾರದರ್ಶಕವಾಗುತ್ತದೆ, ಒಣಗುವುದೂ ನಿಧಾನ. ಸಾಮಾನ್ಯವಾಗಿ 1 ಭಾಗ ಬಣ್ಣಕ್ಕೆ 4 ಭಾಗ ಗ್ಲೇಜ್ ಎನ್ನುತ್ತಾರೆ. ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಗ್ಲೇಜ್ ಬದಲು ನೀರು ಸೇರಿಸಿ ತೆಳು ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ನೀರು ಬಣ್ಣವನ್ನು ತೆಳು ಮಾಡುತ್ತದೆಯೇ ಹೊರತು ಹಿಡಿದಿಡುವುದಿಲ್ಲ, ಗೋಡೆಯಲ್ಲಿ ಇಳಿಯಲು ಅದಕ್ಕೆ ನೆಪ ಬೇಕಿಲ್ಲ.

ಈಗ ಕೈ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಣ್ಣವನ್ನು ಬಕೆಟ್‌ನಲ್ಲಿ ಇಟ್ಟುಕೊಂಡು ಸ್ಪಂಜು ಮುಳುಗಿಸಬೇಡಿ. ಅಗಲವಾದ ತಟ್ಟೆ ಅಥವಾ ರೋಲರ್ ಟ್ರೇಯಲ್ಲಿ ತೆಳ್ಳಗೆ ಸುರಿದುಕೊಳ್ಳಿ. ಸ್ಪಂಜಿನ ಮುಖ ಮಾತ್ರ ಬಣ್ಣಕ್ಕೆ ತಾಗಲಿ. ಪಕ್ಕದಲ್ಲಿ ಹಳೆ ಪೇಪರ್ ಇಟ್ಟುಕೊಂಡು ಅದರ ಮೇಲೆ ಮೊದಲು ಒತ್ತಿ ನೋಡಿ. ಮೊದಲ ಒತ್ತಿಗೆ ಬಣ್ಣ ಮುದ್ದೆಯಾಗಿ ಬೀಳುತ್ತದೆ, ಸ್ಪಂಜಿನ ತೂತು ಒಂದೂ ಕಾಣುವುದಿಲ್ಲ. ಎರಡನೆಯದು, ಮೂರನೆಯದು ಒತ್ತುತ್ತಾ ಹೋದ ಹಾಗೆ ತೂತುಗಳು ಬಿಡಿಸಿಕೊಳ್ಳುತ್ತವೆ. ಸಣ್ಣ ಚುಕ್ಕಿಗಳ ನಡುವೆ ಪೇಪರ್ ಕಾಣಿಸತೊಡಗಿದಾಗ ಗೋಡೆಗೆ ಹೋಗಿ. ಇಷ್ಟು ಕಡಿಮೆ ಬಣ್ಣ ಸಾಕಾ ಎಂದು ಮೊದಲು ಎಲ್ಲರಿಗೂ ಅನುಮಾನ ಬರುತ್ತದೆ. ಸಾಕು. ಕಡಿಮೆಯಾದರೆ ಮತ್ತೊಮ್ಮೆ ಒತ್ತಬಹುದು, ಹೆಚ್ಚಾದದ್ದನ್ನು ಹಿಂದಕ್ಕೆ ತೆಗೆಯುವುದು ಕಷ್ಟ.

ಗೋಡೆಗೆ ಒತ್ತುವಾಗ ಮಗುವಿನ ಬೆನ್ನು ತಟ್ಟಿದಷ್ಟೇ ಹಗುರವಾಗಿರಲಿ. ಗಟ್ಟಿಯಾಗಿ ಒತ್ತಿದರೆ ಸ್ಪಂಜು ಚಪ್ಪಟೆಯಾಗುತ್ತದೆ, ತೂತು ಮುಚ್ಚಿಕೊಂಡು ಒಂದೇ ಮಚ್ಚೆ ಬೀಳುತ್ತದೆ. ಸ್ಪಂಜು ನೇರವಾಗಿ ಗೋಡೆಗೆ ತಾಗಬೇಕು, ನೇರವಾಗಿ ಹಿಂದಕ್ಕೆ ಬರಬೇಕು. ಜಾರಿಸಿದರೆ ಗೀಚಿದ ಗುರುತು ಉಳಿಯುತ್ತದೆ. ಪ್ರತಿ ಒತ್ತಿಗೂ ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ, ಆಗಾಗ ಸ್ಪಂಜಿನ ಬೇರೆ ಮುಖ ಹಿಡಿದುಕೊಳ್ಳಿ. ಆದರೆ ಸ್ಪಂಜು ಗೋಡೆಗೆ ತಾಗಿರುವಾಗ ತಿರುಗಿಸಬೇಡಿ, ಗಾಳಿಯಲ್ಲಿರುವಾಗ ತಿರುಗಿಸಿ. ಎಡದಿಂದ ಬಲಕ್ಕೆ ಸಾಲು ಹಿಡಿದು ಹೋಗುವ ಅಭ್ಯಾಸ ನಮ್ಮ ಕೈಗೆ ಬರವಣಿಗೆಯಿಂದಲೇ ಬಂದುಬಿಟ್ಟಿದೆ. ಅದನ್ನು ಬೇಕೆಂದೇ ಮುರಿಯಬೇಕು. ಇಲ್ಲೊಂದು, ಅಲ್ಲೊಂದು, ಮತ್ತೆ ಅವೆರಡರ ನಡುವೆ ಒಂದು. ಅಂತರಗಳೂ ಒಂದೇ ಅಳತೆಯಲ್ಲಿ ಇರಬಾರದು.

ಹೊಸದಾಗಿ ಬಣ್ಣ ತೆಗೆದುಕೊಂಡಾಗ ಮೊದಲ ಒತ್ತುಗಳು ಗಾಢ, ಬಣ್ಣ ತೀರುತ್ತಾ ಬಂದಾಗ ತಿಳಿ. ಇದನ್ನೇ ಬಳಸಿಕೊಳ್ಳಿ. ಗಾಢ ಒತ್ತುಗಳನ್ನು ಅಗಲವಾಗಿ ಹರಡಿ, ತಿಳಿಯಾದವುಗಳಿಂದ ನಡುವಿನ ಜಾಗ ತುಂಬಿ. ಹೀಗೆ ಮಾಡದೆ ಒಂದೇ ಕಡೆ ನಿಂತು ಬಣ್ಣ ತೀರಿಸಿದರೆ ಗೋಡೆಯ ಮೇಲೆ ಗಾಢದಿಂದ ತಿಳಿಗೆ ಹೋಗುವ ಪಟ್ಟೆಗಳು ಕಾಣುತ್ತವೆ. ಹತ್ತಿರದಿಂದ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಆಗಾಗ ಕೋಣೆಯ ಆ ಬದಿಗೆ ಹೋಗಿ ನಿಂತು ನೋಡಿ. ಕಣ್ಣನ್ನು ಅರೆ ಮುಚ್ಚಿ ನೋಡಿದರೆ ಎಲ್ಲಿ ದಟ್ಟವಾಗಿದೆ, ಎಲ್ಲಿ ಖಾಲಿಯಿದೆ ಎಂಬುದು ತಟ್ಟನೆ ಕಾಣುತ್ತದೆ.

ಒಂದು ಸಲಕ್ಕೆ ಸುಮಾರು 3 ಅಡಿ ಅಗಲ, 3 ಅಡಿ ಎತ್ತರದ ಜಾಗ ಹಿಡಿಯಿರಿ. ಅದರ ಅಂಚು ನೇರವಾಗಿರದೆ ಒಳಕ್ಕೂ ಹೊರಕ್ಕೂ ಹರಡಿಕೊಂಡಿರಲಿ. ಮುಂದಿನ ಜಾಗ ಶುರು ಮಾಡುವಾಗ ಈ ಅಂಚು ಇನ್ನೂ ಹಸಿಯಿರಬೇಕು, ಆಗ ಎರಡೂ ಬೆರೆಯುತ್ತವೆ. ಅಂದರೆ ಗೋಡೆಯ ನಡುವೆ ಊಟಕ್ಕೆ ಎದ್ದು ಹೋಗುವ ಹಾಗಿಲ್ಲ. ನಿಲ್ಲಿಸುವುದಾದರೆ ಮೂಲೆಗೆ ಬಂದು ನಿಲ್ಲಿಸಿ. ಸ್ಪಂಜು ಬಣ್ಣ ಕುಡಿದು ಭಾರವಾಗಿದೆ, ಗುರುತು ಮಂಕಾಗುತ್ತಿದೆ ಅನಿಸಿದರೆ ತೊಳೆದು, ಹಿಂಡಿ, ಮತ್ತೆ ಶುರು ಮಾಡಿ. ಇದಕ್ಕೆ ಸೋಮಾರಿತನ ಮಾಡಬಾರದು.

ಮೂಲೆಗಳ ವಿಚಾರ ಕೇಳಿದ್ದೀರಿ. ದೊಡ್ಡ ಸ್ಪಂಜು ಮೂಲೆಯೊಳಗೆ ಹೋಗುವುದಿಲ್ಲ. ತುರುಕಿದರೆ ಎರಡೂ ಗೋಡೆಗೆ ಬಣ್ಣ ಮೆತ್ತಿ ಒಂದು ಕಡು ಗೆರೆ ನಿಲ್ಲುತ್ತದೆ. ಪಕ್ಕದ ಗೋಡೆಗೆ ಟೇಪ್ ಅಂಟಿಸಿ. ಹೆಬ್ಬೆರಳಿನಷ್ಟು ಸ್ಪಂಜಿನ ತುಂಡು ಹರಿದುಕೊಂಡು ಅದರಿಂದ ಮೂಲೆಯ ಉದ್ದಕ್ಕೂ ತಟ್ಟಿ. ಸ್ವಿಚ್ ಬೋರ್ಡ್ ಸುತ್ತ, ಚಾವಣಿಯ ಕೆಳಗೆ, ಬಾಗಿಲ ಚೌಕಟ್ಟಿನ ಪಕ್ಕವೂ ಇದೇ ತುಂಡು. ಅದಕ್ಕೂ ನಿಲುಕದ ಸಂದಿಗೆ ಗಿಡ್ಡ ಕೂದಲಿನ ಒರಟು ಬ್ರಷ್ ತೆಗೆದುಕೊಂಡು, ಬಣ್ಣ ಒರೆಸಿ, ತುದಿಯಿಂದ ಚುಚ್ಚಿದ ಹಾಗೆ ಮಾಡಿದರೆ ಚುಕ್ಕಿಗಳು ಹೊಂದಿಕೊಳ್ಳುತ್ತವೆ. ಮೂಲೆಗಳನ್ನು ಕೊನೆಗೆ ಉಳಿಸಿಕೊಳ್ಳುವುದಕ್ಕಿಂತ ಆಯಾ ಜಾಗದ ಜೊತೆಯಲ್ಲೇ ಮುಗಿಸಿ. ಟೇಪ್ ಅನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಓರೆಯಾಗಿ ಮೆಲ್ಲಗೆ ಎಳೆಯಿರಿ. ಗಟ್ಟಿಯಾದ ಮೇಲೆ ಎಳೆದರೆ ಅಂಚು ಕಿತ್ತುಬರುತ್ತದೆ.

ಎರಡನೇ ಬಣ್ಣ ಕೊಡುವುದಾದರೆ ಮೊದಲನೆಯದು ಒಣಗಲಿ, ಗ್ಲೇಜ್ ಇದ್ದರೆ ಒಂದು ರಾತ್ರಿ ಬಿಡಿ. ಎಲ್ಲಕ್ಕಿಂತ ಕೊನೆಗೆ ತಿಳಿ ಬಣ್ಣವನ್ನು ಇಟ್ಟುಕೊಳ್ಳುವುದು ನನ್ನ ರೂಢಿ. ಅದು ಕೆಳಗಿನ ಚುಕ್ಕಿಗಳ ಗಡಸು ಅಂಚುಗಳನ್ನು ಮೆದುಗೊಳಿಸುತ್ತದೆ. ಮೊದಲ ಸುತ್ತಿನಲ್ಲಿ ಗೋಡೆಯ ಅರ್ಧಕ್ಕಿಂತ ಹೆಚ್ಚು ಮುಚ್ಚಬೇಡಿ. ಜಾಗವೇ ಉಳಿಯದಿದ್ದರೆ ಮುಂದಿನ ಬಣ್ಣ ಎಲ್ಲಿ ಕೂರಬೇಕು? ಚಿನ್ನ, ಮುತ್ತಿನ ಹೊಳಪಿನ ಬಣ್ಣಗಳೆಂದರೆ ಹಲವರಿಗೆ ಆಸೆ. ಅವು ಕೊನೆಯ ಸುತ್ತಿನಲ್ಲಿ, ಬಹಳ ವಿರಳವಾಗಿ ಬಿದ್ದರೆ ಚೆಂದ. ಬೆಳಕು ಪಕ್ಕದಿಂದ ಬೀಳುವ ಗೋಡೆಗೆ ಮಾತ್ರ ಬೇಡ, ಪ್ರತಿ ಒತ್ತೂ ಮಿನುಗಿ ಎದ್ದು ಕಾಣುತ್ತದೆ.

ಇಷ್ಟು ಹೊತ್ತು ಹೇಳಿದ್ದು ಬಣ್ಣ ಒತ್ತುವ ವಿಧಾನ. ಇದರ ತಿರುವುಮುರುವು ಇನ್ನೊಂದಿದೆ. ಗ್ಲೇಜ್ ಬೆರೆಸಿದ ಬಣ್ಣವನ್ನು ರೋಲರ್‌ನಿಂದ ಗೋಡೆಗೆ ಬಳಿದು, ಅದು ಹಸಿಯಿರುವಾಗಲೇ ಶುದ್ಧವಾದ ಒದ್ದೆ ಸ್ಪಂಜಿನಿಂದ ತಟ್ಟಿ ತಟ್ಟಿ ತೆಗೆಯುವುದು. ಸ್ಪಂಜು ಎತ್ತಿಕೊಂಡ ಕಡೆ ಕೆಳಗಿನ ಬಣ್ಣ ಇಣುಕುತ್ತದೆ. ನಿಮಗೆ ಬೇಕಾದ ಮೋಡದ ನೋಟ ಇದರಲ್ಲಿ ಇನ್ನೂ ಮೃದುವಾಗಿ ಬರುತ್ತದೆ. ಆದರೆ ಸಮಯದ ಜೊತೆ ಓಡಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು 2 ಅಡಿ ಅಗಲದ ಪಟ್ಟಿಯಾಗಿ ಬಳಿಯುತ್ತಾ ಮುಂದೆ ಹೋದರೆ, ಇನ್ನೊಬ್ಬರು ಹಿಂದೆ ತಟ್ಟುತ್ತಾ ಬರಬೇಕು. ಇಬ್ಬರೂ ನಡುವೆ ಕೆಲಸ ಬದಲಾಯಿಸಿಕೊಳ್ಳಬಾರದು. ಒಬ್ಬೊಬ್ಬರ ಕೈ ಒಂದೊಂದು ಥರ, ಬದಲಾದ ಜಾಗ ಗೋಡೆಯಲ್ಲಿ ಗೊತ್ತಾಗುತ್ತದೆ. ಫ್ಯಾನ್ ನಿಲ್ಲಿಸಿ, ಬಿಸಿಲು ನೇರವಾಗಿ ಬೀಳದ ಹೊತ್ತು ನೋಡಿಕೊಳ್ಳಿ. ಗಾಳಿ ಆಡಲು ಕಿಟಕಿ ತೆರೆದಿರಲಿ. ಒಬ್ಬರೇ ಮಾಡುವುದಾದರೆ ನೀವು ಹಿಡಿದ ವಿಧಾನದಲ್ಲೇ ಮುಂದುವರಿಯಿರಿ ಎಂದೇ ನಾನು ಹೇಳುವುದು.

ಎರಡರಲ್ಲಿ ಯಾವುದೇ ಆದರೂ, ಗೋಡೆಗೆ ಹೋಗುವ ಮೊದಲು ಒಂದು ದಪ್ಪ ರಟ್ಟಿಗೋ ಹಲಗೆಗೋ ಅದೇ ಮೂಲ ಬಣ್ಣ ಬಳಿದು ಅಭ್ಯಾಸ ಮಾಡಿ. ಹಾಳೆಯಷ್ಟು ಚಿಕ್ಕದು ಸಾಲದು, ಕನಿಷ್ಠ 2 ಅಡಿ ಉದ್ದ, 2 ಅಡಿ ಅಗಲ ಇರಲಿ. ಒಣಗಿದ ಮೇಲೆ ಅದನ್ನು ಅದೇ ಗೋಡೆಗೆ ಒರಗಿಸಿಟ್ಟು ಬೆಳಿಗ್ಗೆ ಒಮ್ಮೆ, ರಾತ್ರಿ ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಹಗಲಲ್ಲಿ ಮೃದುವಾಗಿ ಕಂಡ ಬಣ್ಣ ರಾತ್ರಿ ಬಿರುಸಾಗಿ ಕಾಣುವುದುಂಟು.

ಈಗ ನಿಮ್ಮ ಗೋಡೆಗೆ ಬರೋಣ. ಇಳಿದು ಒಣಗಿರುವ ಬಣ್ಣಕ್ಕೂ, ಚೌಕಗಳ ಉಬ್ಬಿದ ಅಂಚಿಗೂ 180 ಅಥವಾ 220 ನಂಬರಿನ ಸ್ಯಾಂಡ್ ಪೇಪರ್ ಉಜ್ಜಿ. ಕೈ ಸವರಿದರೆ ಅಂಚು ತಾಗಬಾರದು. ಧೂಳು ಒರೆಸಿ. ಆಮೇಲೆ ನಿಮ್ಮ ಕಡು ನೀಲಿಗೆ ಬಿಳಿ ಬೆರೆಸಿ ಎರಡರ ನಡುವಿನ ಒಂದು ನೀಲಿ ಮಾಡಿಕೊಳ್ಳಿ. ಸೋಫಾ ಹಿಂದೆಯೋ ಎಲ್ಲೋ ಒಂದು ಮರೆಯ ಜಾಗದಲ್ಲಿ, ಆ ನಡು ನೀಲಿಯನ್ನು ಚೌಕಗಳ ಅಂಚಿನ ಮೇಲೆ ಹಗುರವಾಗಿ ತಟ್ಟಿ. ಚೌಕದ ಒಳಗೂ ಬೀಳಲಿ, ಹೊರಗೂ ಬೀಳಲಿ. ಅಂಚು ಒಡೆದರೆ ಚೌಕ ಮಾಯವಾಗುತ್ತದೆ. ಒಣಗಿದ ಮೇಲೆ ದೂರದಿಂದ ನೋಡಿ. ಚೌಕ ಕಾಣದಿದ್ದರೆ ಗೋಡೆ ಪೂರ್ತಿ ಹಾಗೇ ಮಾಡಿ, ಅರ್ಧ ಉಳಿದಿರುವ ಕಡೆಯೂ ಇದೇ ನಡು ನೀಲಿ ಮೊದಲು ಬೀಳಲಿ, ಬಿಳಿಯನ್ನು ಕೊನೆಗೆ ಅಲ್ಲಲ್ಲಿ ಒಂದಿಷ್ಟು. ಸಾಲುಗಳು ಇನ್ನೂ ಕಣ್ಣಿಗೆ ಹೊಡೆಯುತ್ತಿದ್ದರೆ ಹಟ ಹಿಡಿಯಬೇಡಿ. ಆ ನಡು ನೀಲಿಯನ್ನೇ ರೋಲರ್‌ನಿಂದ ಗೋಡೆಗೆಲ್ಲ ಎರಡು ಕೋಟ್ ಬಳಿದು, ಅದನ್ನೇ ಹೊಸ ಮೂಲ ಬಣ್ಣ ಮಾಡಿಕೊಳ್ಳಿ. ಅದರ ಮೇಲೆ ಅದಕ್ಕಿಂತ ತಿಳಿಯಾದ ನೀಲಿ ಒತ್ತಿದರೆ ಸಾಕು. ಕಡು ನೀಲಿಗಿಂತ ಕೋಣೆಯೂ ಬೆಳಕಾಗಿ ಕಾಣುತ್ತದೆ.

ಮುಂದೆ ಎಲ್ಲಾದರೂ ಒಂದು ಒತ್ತು ಜಾಸ್ತಿಯಾದರೆ ಹಸಿಯಿದ್ದಾಗಲೇ ಒದ್ದೆ ಬಟ್ಟೆಯಿಂದ ಎತ್ತಿಬಿಡಿ. ಒಣಗಿದ ಮೇಲೆ ಗಮನಕ್ಕೆ ಬಂದರೆ ಅದೇ ಸ್ಪಂಜಿನಿಂದ ಮೂಲ ಬಣ್ಣವನ್ನು ಅದರ ಮೇಲೆ ತಟ್ಟಿ. ತೇಪೆ ಹಾಕಿದ್ದು ಗೊತ್ತಾಗದಿರುವುದು ಈ ಬಗೆಯ ಗೋಡೆಯ ಒಂದು ದೊಡ್ಡ ಗುಣ. ಮಕ್ಕಳಿರುವ ಮನೆಗೆ, ಕೈ ಹೆಚ್ಚು ತಾಗುವ ನಡುಮನೆಯ ಗೋಡೆಗೆ ಇದನ್ನು ನಾನು ಧೈರ್ಯವಾಗಿ ಹೇಳುವುದೂ ಅದಕ್ಕೇ. ಹಾಗಾಗಿ ಎಲ್ಲ ಬಣ್ಣಗಳಲ್ಲೂ ಒಂದೊಂದು ಚಿಕ್ಕ ಡಬ್ಬ ಮುಚ್ಚಳ ಬಿಗಿ ಮಾಡಿ ಎತ್ತಿಡಿ. ಮೇಲೆ ಯಾವ ಗೋಡೆಯದು, ಯಾವ ಸುತ್ತಿನದು ಎಂದು ಬರೆದಿರಿ. ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಒಂದು ತಿಂಗಳಾದರೂ ಬೇಡ. ಮೇಲಿಂದ ಒಣಗಿದಂತೆ ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಹಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ಸ್ಪಂಜನ್ನು ಸೋಪಿನ ನೀರಿನಲ್ಲಿ, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆದು ನೆರಳಲ್ಲಿ ಒಣಗಿಸಿ. ಸಮುದ್ರದ ಸ್ಪಂಜಿನಲ್ಲಿ ಒಮ್ಮೆ ಬಣ್ಣ ಗಟ್ಟಿಯಾಯಿತೆಂದರೆ ಆಮೇಲೆ ಅದು ಕೆಲಸಕ್ಕೆ ಬರುವುದಿಲ್ಲ.